ನೋವು ಬರುವ ಹೊತ್ತನ್ನು ಬರೆದಿಡುತ್ತಿದ್ದವರು

"ಬಿಲ್ಕುಲ್ ದರ್ದ್ ನಹೀ ಹೋಗಾ", ಒಂಚೂರೂ ನೋವಾಗಲ್ಲ, ಎಂದು ಯಾವ ಡಾಕ್ಟರಾದರೂ ರೋಗಿಗೆ ಹೇಳಿದ್ದು ಕಿವಿಗೆ ಬಿದ್ದರೆ ಸಾಕು, ನಮ್ಮ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಹೊಸದಾಗಿ ಸೇರಿದ ಮೂಳೆ ಸರ್ಜನ್ ಒಬ್ಬರು ಹೀಗೆ ಹೇಳಿ, ರೋಗಿಯ ಬೆನ್ನು ತಟ್ಟಿ, ಕೈ ತೊಳೆಯಲು ಹೊರಟಿದ್ದರು. ಮೇಡಂ ಹಿಂದೆಯೇ ಹೋಗಿ ಅವರ ತೋಳು ಹಿಡಿದು ವಾಪಸ್ ಕರೆತಂದು ಮಂಚದ ಮುಂದೆ ನಿಲ್ಲಿಸಿದರು. ನೋವಾಗುತ್ತೆ ಅಂತ ಹೇಳಿ, ಯಾವಾಗ ಅನ್ನುವುದನ್ನು ನಾನು ಹೇಳುತ್ತೇನೆ ಎಂದು ಹಿಂದಿಯಲ್ಲಿ ಅಪ್ಪಣೆ ಕೊಡಿಸಿದರು. ಆರಡಿ ಎತ್ತರದ ಸರ್ಜನ್ ಐದಡಿಯೂ ಇಲ್ಲದ ಮೇಡಂ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ ಹೇಳಿದರು. ಟ್ರೇ ಹಿಡಿದು ನಿಂತಿದ್ದ ನಾನು ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿಕೊಂಡೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮಗನಿಗೆ ನೋವಾಗುತ್ತದೆ. ಅವನಿಗೆ ಈಗಾಗಲೇ ಆಗಿರುವುದು ಸಾಕು.

ಮೇಡಂ ಅರಿವಳಿಕೆ ಡಾಕ್ಟರು, ಮೈಸೂರಿನವರು. ಸೈನ್ಯದ ಆಸ್ಪತ್ರೆಗಳಲ್ಲಿ ಬಹಳ ವರ್ಷ ಕಳೆದು, ಕರ್ನಲ್ ಆಗಿ ನಿವೃತ್ತರಾಗಿ, ದೆಹಲಿ ಪಕ್ಕದ ಫರೀದಾಬಾದಿನ ನಮ್ಮ ಖಾಸಗಿ ಆಸ್ಪತ್ರೆಗೆ ಬಂದು ಸೇರಿದ್ದರು. ಕತ್ತರಿಸಿದ ಕೂದಲು, ಗಂಡಸರ ಗಡಿಯಾರ, ಅದರ ಮುಖ ಅಂಗೈ ಕಡೆಗೆ. ಯಾರನ್ನೂ ಹೆಸರಿಟ್ಟು ಕರೆಯುತ್ತಿರಲಿಲ್ಲ, ಊರಿಟ್ಟು ಕರೆಯುತ್ತಿದ್ದರು. ಆಪರೇಷನ್ ಥಿಯೇಟರಿನ, ಅಂದರೆ ಓಟಿಯ, ತಂತ್ರಜ್ಞ ಗಢವಾಲ್, ಕಸ ಗುಡಿಸುವ ದೀದಿ ಮಥುರಾ. ನಾನು ನರ್ಸಾಗಿ ಸೇರಿದ ಮೊದಲ ದಿನ ಅವರು ನನ್ನ ಹಿಂದಿ ಕೇಳಿ ಹುಬ್ಬೇರಿಸಿ, "ನೀನು ಕನ್ನಡದವಳಲ್ವಾ? ಯಾವ ಕಡೆ?" ಎಂದರು. ತುಮಕೂರು ಎಂದೆ. ಅಂದಿನಿಂದ ಹನ್ನೊಂದು ವರ್ಷ ನಾನು ತುಮಕೂರೇ ಆಗಿದ್ದೆ. ಮದುವೆಯಾಗಿ ದೆಹಲಿಯ ಜನಕಪುರಿಗೆ ಮನೆ ಬದಲಾಯಿಸಿದಾಗಲೂ ಬಡ್ತಿ ಕೊಡಲಿಲ್ಲ.

ಮೋಟಾರ್ ಸೈಕಲ್ಲಿಗೂ ರಸ್ತೆ ಗುಂಡಿಗೂ ಬರವಿಲ್ಲದ ಊರು ಫರೀದಾಬಾದ್. ಹಾಗಾಗಿ ಕೊರಳ ಕೆಳಗಿನ ಅಡ್ಡ ಮೂಳೆ, ಎಲ್ಲರೂ ಕಾಲರ್ ಬೋನ್ ಎನ್ನುತ್ತಾರಲ್ಲ, ಅದನ್ನು ಮುರಿದುಕೊಂಡು ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಿದ್ದರು. ಅದಕ್ಕೆ ಲೋಹದ ಪಟ್ಟಿ ಹಾಕಿ ಸ್ಕ್ರೂ ಬಿಗಿದ ಮೇಲಿನ ನೋವು ಸಣ್ಣದಲ್ಲ. ಉಸಿರೆಳೆದರೂ ಎಳೆಯುತ್ತದೆ. ಮೇಡಂ ಆಪರೇಷನ್ನಿಗೆ ಮೊದಲು ಪರದೆಯ ಮೇಲೆ ಅಲ್ಟ್ರಾಸೌಂಡ್ ನೋಡುತ್ತಾ, ಕೊರಳ ಪಕ್ಕದಲ್ಲಿ ತೆಳು ಸೂಜಿ ಇಳಿಸಿ, ನರಗಳ ಸುತ್ತ ಮದ್ದು ಬಿಡುತ್ತಿದ್ದರು. ಇದಕ್ಕೆ ನಾವು ಬ್ಲಾಕ್ ಎನ್ನುತ್ತೇವೆ. ಆ ಭುಜ, ಆ ತೋಳು ಹತ್ತು ಹನ್ನೆರಡು ಗಂಟೆ ಜೋಮು. ಎಚ್ಚರವಾದ ರೋಗಿ ಚಹಾ ಕುಡಿಯುತ್ತಾ ಮೊಬೈಲ್ ನೋಡುತ್ತಾ ರಾಜನಂತೆ ಕೂತಿರುತ್ತಾನೆ.

ಇಲ್ಲಿ ಮೇಡಂ ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಬ್ಲಾಕ್ ಮುಗಿದ ಕೂಡಲೇ ಮಾರ್ಕರ್ ಪೆನ್ನು ತೆಗೆದು, ರೋಗಿಯ ಎದೆಗೆ ಅಂಟಿಸಿದ ಬಿಳಿ ಪ್ಲಾಸ್ಟರ್ ಮೇಲೆ ದಪ್ಪ ಅಂಕಿಯಲ್ಲಿ ಒಂದು ಹೊತ್ತು ಬರೆಯುತ್ತಿದ್ದರು. ಸಂಜೆ ಏಳು, ಅಥವಾ ಎಂಟು. ಬ್ಲಾಕ್ ಇಳಿದು ನೋವು ಬರುವ ಹೊತ್ತು. ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ಮಾತ್ರೆ ನುಂಗಿರಬೇಕು, ನೋವಿಲ್ಲದಿದ್ದರೂ ನುಂಗಬೇಕು. ರೋಗಿಗೆ, ಅವನ ಹೆಂಡತಿಗೆ, ಅತ್ತೆಗೆ, ಜೊತೆಗೆ ಬಂದ ಸೆಕ್ಟರಿನ ಅಕ್ಕಪಕ್ಕದವರಿಗೂ ಆ ಅಂಕಿ ತೋರಿಸಿ ಹೇಳುತ್ತಿದ್ದರು.

ಅದರ ಬೆಲೆ ನನಗೆ ಗೊತ್ತಾದದ್ದು ತಪ್ಪು ಮಾಡಿಯೇ. ಸೇರಿ ಎರಡು ವಾರವಾಗಿತ್ತು. ಗೇರ್ ಕಾರ್ಖಾನೆಯ ಒಬ್ಬ ಫಿಟ್ಟರ್, ಬಿಹಾರದವನು, ಬೆಳಿಗ್ಗೆ ಆಪರೇಷನ್ ಆಗಿ ಸಂಜೆ ಐದೂವರೆಗೆ ಹೆಂಡತಿಯ ಜೊತೆ ನಗುತ್ತಾ ಬಿಸ್ಕತ್ತು ತಿನ್ನುತ್ತಿದ್ದ. ಮಾತ್ರೆ ಕೊಡಲು ಹೋದರೆ, "ಸಿಸ್ಟರ್, ಮುಝೆ ಕುಛ್ ಹೈ ಹೀ ನಹೀ" ಎಂದ. ಏನೂ ನೋವಿಲ್ಲದವನಿಗೆ ಮಾತ್ರೆ ಯಾಕೆ ತುರುಕುವುದು ಎಂದು ನಾನು ಟ್ರೇ ವಾಪಸ್ ಒಯ್ದೆ. ಏಳು ಗಂಟೆಗೆ ಅವನು ದಿಂಬು ಕಚ್ಚಿಕೊಂಡು ಕಾಲು ಒದೆಯುತ್ತಿದ್ದ. ಹೆಂಡತಿ ನನ್ನ ಕೈ ಹಿಡಿದು ಅಳುತ್ತಿದ್ದಳು. ಮೇಡಂ ಬಂದರು, ಇಂಜೆಕ್ಷನ್ ಕೊಟ್ಟರು, ಅವನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಅವನ ನೋವು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು. ಬೈಯುತ್ತಾರೆ ಎಂದು ಕಾದೆ.

"ತುಮಕೂರು, ನಾವು ನೋವನ್ನ ತೆಗೆದುಹಾಕಿಲ್ಲ. ಮುಂದಕ್ಕೆ ಹಾಕಿದ್ದೀವಿ ಅಷ್ಟೆ. ಮುಂದಕ್ಕೆ ಹಾಕಿದೋರು ಯಾವಾಗ ಬರುತ್ತೆ ಅಂತ ಹೇಳಬೇಕೋ ಬೇಡವೋ?"

"ಹೇಳಬೇಕು ಮೇಡಂ."

"ಗೊತ್ತಿದ್ರೆ ಮನುಷ್ಯ ಏನಾದ್ರೂ ತಯಾರಿ ಮಾಡ್ಕೋತಾನೆ. ಮಾತ್ರೆ ನುಂಗ್ತಾನೆ, ಹೆಂಡತೀನ ಹತ್ರ ಕೂರಿಸ್ಕೋತಾನೆ. ನೀನು ಅವನ ಹತ್ರ ಆ ಟೈಮ್ ಕಿತ್ಕೊಂಡೆ ಕಣೆ. ಚಲೋ, ಚಹಾ ಕುಡಿ, ಆರುತ್ತೆ."

ಗಟ್ಟಿಯಾಗಿ ಬೈದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆನೇನೋ. ಆ ಮಾತು ಮಾತ್ರ ಹನ್ನೊಂದು ವರ್ಷವಾದರೂ ಹಾಗೇ ಇದೆ.

ಒಣ ಶಿಸ್ತಿನ ಮನುಷ್ಯೆ ಎಂದುಕೊಳ್ಳಬೇಡಿ. ಬಲ್ಲಭಗಡದ ಕಡೆಯ ಒಬ್ಬ ಪೈಲ್ವಾನ್ ಅಖಾಡದಲ್ಲಿ ಬಿದ್ದು ಮೂಳೆ ಮುರಿದುಕೊಂಡು ಬಂದಿದ್ದ. ಬಾಗಿಲಲ್ಲಿ ಅಡ್ಡ ತಿರುಗಿ ಒಳಬರಬೇಕಾದಂಥ ಆಳು. ಆಪರೇಷನ್ ಆದ ಮೇಲೆ ಬಲಗೈ ಎತ್ತಲು ನೋಡುತ್ತಾನೆ, ಏಳುತ್ತಿಲ್ಲ. ಕೈ ಹೋಯಿತು, ಇನ್ನು ಕುಸ್ತಿ ಮುಗಿಯಿತು ಎಂದು ಗೋಳಾಡಲು ಶುರು ಮಾಡಿದ. ಜೋಮು ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಮೇಡಂ ಅವನ ಎಡಗೈಯಿಂದ ಬಲಗೈಯನ್ನು ಹಿಡಿಸಿ, "ಸಂಜೆವರೆಗೆ ಇದು ನಿನ್ನ ಮನೆಗೆ ಬಂದ ನೆಂಟರ ಮಗು, ಬೀಳದ ಹಾಗೆ ನೋಡ್ಕೋ" ಎಂದು ಹಿಂದಿಯಲ್ಲಿ ಹೇಳಿದರು. ಆ ಭಾರೀ ಮನುಷ್ಯ ಸಂಜೆವರೆಗೂ ತನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಕೂತಿದ್ದ. ಡ್ಯೂಟಿ ಮುಗಿದರೂ ಮೇಡಂ ಮನೆಗೆ ಹೋಗಲಿಲ್ಲ. ಅವನ ಹೆಬ್ಬೆರಳು ಅಲುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹೊರಟರು.

ಓಟಿಯ ಲಾಕರಿನಲ್ಲಿ ಅವರದೊಂದು ಚಟ್ನಿಪುಡಿಯ ಡಬ್ಬಿ ಇರುತ್ತಿತ್ತು. ಮೈಸೂರಿನಲ್ಲಿರುವ ಅಕ್ಕ ಎರಡು ತಿಂಗಳಿಗೊಮ್ಮೆ ಪಾರ್ಸೆಲ್ ಕಳಿಸುತ್ತಿದ್ದರು. ಮೇಡಂಗಿಂತ ಆರು ವರ್ಷ ದೊಡ್ಡವರು, ಮದುವೆಯಾಗದೆ ಶಾಲೆಯಲ್ಲಿ ಪಾಠ ಮಾಡಿ ತಂಗಿಯನ್ನು ಓದಿಸಿದವರು. ತಾಯಿ ಬೇಗ ಹೋಗಿದ್ದರಿಂದ ಮೇಡಂಗೆ ಜಡೆ ಹಾಕಿದ್ದೂ ಅವರೇ, ಮೆಡಿಕಲ್ ಕಾಲೇಜಿಗೆ ಕರೆದೊಯ್ದು ಸೇರಿಸಿದ್ದೂ ಅವರೇ. ಓಟಿಯಲ್ಲಿ ಕರ್ನಲ್ ಆಗಿದ್ದವರು ದಿನಾ ಮಧ್ಯಾಹ್ನ ಒಂದೂವರೆಗೆ ಫೋನಿನಲ್ಲಿ "ಹ್ಞೂಂ ಅಕ್ಕ, ಊಟ ಮಾಡಿದೆ ಅಕ್ಕ, ಇಲ್ಲ ಅಕ್ಕ, ಸ್ವೆಟರ್ ಹಾಕ್ಕೊಂಡಿದೀನಿ" ಎನ್ನುವುದನ್ನು ಕೇಳಬೇಕಿತ್ತು. ನಾವೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆವು.

ಹೋದ ಚಳಿಗಾಲದಲ್ಲಿ ಮೇಡಂಗೆ ಕೆಮ್ಮು ಹಿಡಿಯಿತು. ದೆಹಲಿ ಕಡೆ ದೀಪಾವಳಿ ಕಳೆದರೆ ಕೆಮ್ಮದವರು ಯಾರು? ಹೊಗೆ ಮಂಜಿನಲ್ಲಿ ಎದುರಿನ ಕಟ್ಟಡ ಕಾಣುವುದಿಲ್ಲ. ಡಾಕ್ಟರು ಕೆಮ್ಮುತ್ತಾರೆ, ರೋಗಿ ಕೆಮ್ಮುತ್ತಾನೆ, ಗೇಟು ಕಾಯುವ ಭಯ್ಯಾ ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತಾನೆ. ಮೇಡಂ ತೂಕ ಇಳಿದದ್ದನ್ನು ಕಂಡು ನಾವು ಸಪೂರವಾದಿರಿ ಎಂದು ಹೊಗಳಿದೆವು. ಅಷ್ಟು ಜನ ವೈದ್ಯಕೀಯದವರು ಸುತ್ತ ಇದ್ದು ಒಬ್ಬರಿಗೂ ಹೊಳೆಯಲಿಲ್ಲ. ಗಾಳಿಯ ಮೇಲೆ ಹಾಕಿ ಕೈ ತೊಳೆದುಕೊಂಡೆವು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಮೆಟ್ರೋ ಇಳಿದು ಬರುವಾಗ ಇ-ರಿಕ್ಷಾದವನು ಬ್ರೇಕ್ ಹಾಕಿದ. ಮೇಡಂ ಭುಜ ಕಂಬಿಗೆ ತಾಗಿತು. ತಾಗಿತು ಅಷ್ಟೆ, ಬೀಳಲೂ ಇಲ್ಲ. ಬಲಗಡೆಯ ಕಾಲರ್ ಬೋನ್ ಎರಡು ತುಂಡಾಗಿತ್ತು. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ನಡೆದೇ ತುರ್ತು ವಿಭಾಗಕ್ಕೆ ಬಂದರು. "ತುಮಕೂರು, ನನ್ನ ಮಾಲು ನನಗೇ ಬಂತು ನೋಡು" ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂದು, ಕೆಮ್ಮಿದ್ದಕ್ಕೆ ನೋವಾಗಿ ಕಣ್ಣಲ್ಲಿ ನೀರು ತುಂಬಿತು.

ಇಷ್ಟು ಸಣ್ಣ ಏಟಿಗೆ ಮುರಿಯಬಾರದಿತ್ತು ಎಂದು ಸರ್ಜನ್ ಮುಖ ಗಂಟು ಹಾಕಿದರು. "ಅರವತ್ತು ದಾಟಿದ ಮೂಳೆ, ಇನ್ನೇನು ಉಕ್ಕಿನದಾ?" ಎಂದು ಮೇಡಂ ತಳ್ಳಿಹಾಕಿದರು. ಎದೆಯ ಎಕ್ಸ್-ರೇಯಲ್ಲಿ ಒಂದು ಕಲೆ ಕಂಡಾಗಲೂ, ಗಡಿಯ ಆಸ್ಪತ್ರೆಯಲ್ಲಿದ್ದಾಗ ಬಂದಿದ್ದ ಟಿಬಿಯದು ಎಂದು ಅವರೇ ಹೇಳಿದರು. ಅವರು ಹೇಳಿದ ಮೇಲೆ ಎದುರಾಡುವವರು ನಮ್ಮಲ್ಲಿರಲಿಲ್ಲ.

ಬ್ಲಾಕ್ ಹಾಕಬೇಕಾದವಳು ಅವರೇ ತಯಾರು ಮಾಡಿದ ಕಿರಿಯ ಡಾಕ್ಟರ್. ಮೇಡಂ ಮೇಜಿನ ಮೇಲೆ ಮಲಗಿಕೊಂಡೇ ಅವಳಿಗೆ ಪರೀಕ್ಷೆ ಶುರು ಮಾಡಿದರು. ಕೊರಳ ಪಕ್ಕದ ಮಾಮೂಲು ಬ್ಲಾಕ್ ನನಗೆ ಯಾಕೆ ಬೇಡ? ಅದು ಉಸಿರೆಳೆಸುವ ಆ ಕಡೆಯ ವಪೆಯನ್ನೂ ಮಲಗಿಸುತ್ತೆ, ನಿಮಗೆ ಉಸಿರು ಕಮ್ಮಿ ಇದೆ, ಅರ್ಧ ಉಸಿರು ನಿಂತರೆ ಕಷ್ಟ ಎಂದಳು ಹುಡುಗಿ. ಶಾಬಾಶ್, ಹಾಗಾದರೆ ಯಾವುದು ಎಂದರು ಮೇಡಂ. ಕೊರಳ ಮೇಲುಪದರದ ನರಗಳಿಗೆ ಒಂದು, ಮೂಳೆಯ ಸುತ್ತಲಿನ ಪೊರೆಯೊಳಗೆ ಒಂದು. ಹಾಗೇ ಹಾಕಿದಳು. ಮೇಡಂ ಪರದೆಯ ಕಡೆ ಕತ್ತು ತಿರುಗಿಸಲಾಗದೆ ನನ್ನನ್ನು ಕೇಳಿದರು: "ಮದ್ದು ಸರಿಯಾಗಿ ಹರಡ್ತಾ ಇದೆಯಾ ನೋಡಿ ಹೇಳು ತುಮಕೂರು, ಸುಳ್ಳು ಹೇಳಬೇಡ." ಹರಡುತ್ತಿದೆ ಮೇಡಂ ಎಂದೆ. ನಿಜವಾಗಿ ಚೆನ್ನಾಗಿ ಹರಡುತ್ತಿತ್ತು. ಪ್ಲಾಸ್ಟರ್ ಮೇಲೆ ಆ ಹುಡುಗಿ ಎಂಟು ಎಂದು ಬರೆದಳು. ಆರೂವರೆಗೆ ನಾನೇ ಮಾತ್ರೆ ನುಂಗಿಸಿದೆ. ಎಂಟಕ್ಕೆ ನೋವು ಬಂದರೂ ತಡೆಯುವಷ್ಟೇ ಇತ್ತು. ಮೂರನೇ ದಿನ ಮನೆಗೆ ಹೋದರು.

ಆಪರೇಷನ್ನಿನಲ್ಲಿ ಮೂಳೆ ಮೆತ್ತಗಿತ್ತೆಂದು ಸರ್ಜನ್ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಒಂಬತ್ತನೇ ದಿನ ವರದಿ ಬಂತು. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೆ ಇಳಿದಿತ್ತು.

ಸರ್ಜನ್ನೇ ಮೇಡಂ ಅವರ ಮಗನನ್ನು ಕರೆಸಿದರು. ದೆಹಲಿಯಲ್ಲೇ ಹುಟ್ಟಿ ಬೆಳೆದವನು, ಆರ್.ಕೆ.ಪುರಂನಲ್ಲಿ ತನ್ನ ನೌಕರಿಗೆ ಸಿಕ್ಕಿದ್ದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಮ್ಮನೊಂದಿಗೇ ಇದ್ದವನು. ಹೊರಗೆ ಬಂದವನೇ ಕಾರಿಡಾರಿನಲ್ಲಿ ನನ್ನ ಎದುರು ನಿಂತ.

"ಸಿಸ್ಟರ್, ಮಮ್ಮಿಗೆ ಅಭೀ ಹೇಳಬೇಡಿ, ಪ್ಲೀಸ್. ಪಾಪಾಗೆ ಅವರ ಕಾಯಿಲೆ ಹೇಳಿದ ದಿನದಿಂದ ಊಟ ಬಿಟ್ಟುಬಿಟ್ಟರು. ಒಂದೇ ಮಹೀನಾದಲ್ಲಿ ಹೋಗಿಬಿಟ್ಟರು. ಮಮ್ಮಿಗೆ ಸ್ವಲ್ಪ ತಾಕತ್ ಬರಲಿ. ನಾನು ದೊಡ್ಡ ಆಸ್ಪತ್ರೆಯಲ್ಲಿ ಡೇಟ್ ತಗೋತೀನಿ. ಆಮೇಲೆ ನಾನೇ ಹೇಳ್ತೀನಿ, ಪಕ್ಕಾ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಹೆದರಿದ್ದ. ಸರ್ಜನ್ನೂ ಒಪ್ಪಿಬಿಟ್ಟರು. ನಾನೂ ತಲೆಯಾಡಿಸಿದೆ. ನಾನು ತಲೆಯಾಡಿಸಿದ್ದು ಯಾಕೆ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅವನಿಗೆ ಅಪ್ಪನ ನೆನಪಿತ್ತು, ಸರ್ಜನ್ನಿಗೆ ಮುಜುಗರವಿತ್ತು. ನನಗೆ ಇದ್ದದ್ದು ಬರೀ ಹೇಡಿತನ.

ಮಾರನೇ ದಿನ ಡ್ರೆಸ್ಸಿಂಗ್ ಬದಲಾಯಿಸಲು ಅವರ ಮನೆಗೆ ಹೋದೆ. ಮೇಡಂ ಬಾಲ್ಕನಿಯ ಬಿಸಿಲಿಗೆ ಕುರ್ಚಿ ಹಾಕಿಕೊಂಡಿದ್ದರು.

"ವರದಿ ಬಂತಾ?"

"ಇನ್ನೂ ಇಲ್ಲ ಮೇಡಂ."

"ಮೂಳೆ ಅಲ್ವಾ, ಮೆತ್ತಗೆ ಮಾಡಿ ಕೊಯ್ಯೋಕೆ ಟೈಮ್ ಬೇಕು" ಎಂದರು. ನನ್ನ ಸುಳ್ಳಿಗೆ ಅವರೇ ಕಾರಣ ಹುಡುಕಿ ಕೊಟ್ಟರು. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವಳು ಸುಳ್ಳು ಹೇಳುತ್ತಾಳೆಂದು ಅವರಿಗೆ ಅನ್ನಿಸಲೇ ಇಲ್ಲ. ನಾನು ಬಗ್ಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಾ ಕೂತೆ.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಲು ಮತ್ತೆ ಹೋದೆ. ಅರ್ಧ ಬಿಚ್ಚುವಷ್ಟರಲ್ಲಿ ಒಂದೂವರೆ ಆಯಿತು. ಅಕ್ಕನ ಫೋನ್ ಬಂತು. ಕೈ ಅಲುಗಿಸಬಾರದೆಂದು ಮೇಡಂ ಸ್ಪೀಕರಿಗೆ ಹಾಕಿದರು.

"ನಾಳೇನೇ ಹೊರಟು ಬರ್ತೀನಿ ಕಣೆ. ಬಟ್ಟೆ ಎಲ್ಲಾ ಬ್ಯಾಗಿಗೆ ಹಾಕ್ಕೊಂಡೂ ಆಯ್ತು. ನನ್ನ ಕೈಯಾರೆ ಒಂದು ತುತ್ತು ಅನ್ನ ಕಲಸಿ ಕೊಟ್ರೆ ನಿಂಗೆ ಸರಿಹೋಗುತ್ತೆ."

"ಬೇಡ ಅಕ್ಕ, ಈಗ ಬೇಡ. ಇಲ್ಲಿ ಹೊಗೆ, ನಿನ್ನ ದಮ್ಮು ಜಾಸ್ತಿ ಆಗುತ್ತೆ. ಯುಗಾದಿಗೆ ಬಾ. ಗಾಳಿ ತಿಳಿಯಾಗಿರುತ್ತೆ, ನನ್ನ ಕೈಯೂ ಎದ್ದಿರುತ್ತೆ. ಇಬ್ಬರೂ ಸೇರಿ ಹೋಳಿಗೆ ಮಾಡೋಣ. ಆಮೇಲೆ ಎರಡು ತಿಂಗಳು ಕಳಿಸಲ್ಲ ನೋಡು ನಿನ್ನ."

"ನಿಜವಾಗ್ಲೂ ಬೇಡವಾ?"

"ಬರೀ ಒಂದು ಮೂಳೆ ಅಕ್ಕ."

ನನ್ನ ಕೈಯಲ್ಲಿ ಕತ್ತರಿ ಇತ್ತು. ಇನ್ನೂ ನಾಲ್ಕು ಹೊಲಿಗೆ ಉಳಿದಿದ್ದವು. ಬರಲಿ ಬಿಡಿ ಮೇಡಂ ಎಂದಿದ್ದರೂ ಸಾಕಿತ್ತು. ಕ್ಯಾನ್ಸರ್ ಎಂದೂ ಹೇಳಬೇಕಿರಲಿಲ್ಲ. ನಾಲ್ಕೂ ಹೊಲಿಗೆ ಬಿಚ್ಚಿ, ಪ್ಲಾಸ್ಟರ್ ಅಂಟಿಸಿ, ಗಾಯ ಚೆನ್ನಾಗಿ ಮಾಗಿದೆ ಮೇಡಂ ಎಂದು ಹೇಳಿ ಮೆಟ್ಟಿಲಿಳಿದೆ. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ. ಅತ್ತು ಏನು ಪ್ರಯೋಜನ? ವಾಪಸ್ ಮೆಟ್ಟಿಲು ಹತ್ತಬೇಕಿತ್ತು. ಹತ್ತಲಿಲ್ಲ, ಬಸ್ ಹತ್ತಿದೆ.

ಮಗ ಫೈಲು ಹಿಡಿದು ದೊಡ್ಡ ಆಸ್ಪತ್ರೆಗೆ ದಿನಾ ಅಲೆದು ಒಂದು ಡೇಟ್ ಪಡೆದ. ಆ ಡೇಟಿಗೆ ಇನ್ನೂ ಐದು ದಿನ ಇರುವಾಗ, ಒಂದು ಮಧ್ಯಾಹ್ನ ಮೇಡಂಗೆ ಉಸಿರು ಕಟ್ಟಿತು. ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿ ಕೂತಿತ್ತು. ನಮ್ಮಲ್ಲಿಗೇ ತಂದರು. ಬಾಯಿಗೆ ನಳಿಕೆ ಹಾಕಿ ಯಂತ್ರಕ್ಕೆ ಜೋಡಿಸಿದರು. ಮಗ ಆಗ ಮೈಸೂರಿಗೆ ಫೋನ್ ಮಾಡಿದ. ಮಾರನೇ ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ಹೋದರು. ಆ ಕಿರಿಯ ಡಾಕ್ಟರ್ ಅರ್ಧ ಗಂಟೆ ಎದೆ ಒತ್ತಿದಳು. ನಾನೇ ಅವಳನ್ನು ಹಿಡಿದು ಎಳೆದು ನಿಲ್ಲಿಸಬೇಕಾಯಿತು.

ಆಮೇಲೆ ಎಲ್ಲರೂ ನನಗೆ ಸಮಾಧಾನ ಹೇಳಿದರು. ಅಷ್ಟು ದೊಡ್ಡ ಡಾಕ್ಟರು, ಅವರಿಗೆ ಗೊತ್ತಿರದೇ ಇರುತ್ತಾ, ಗೊತ್ತಿದ್ದೂ ನಿಮಗೋಸ್ಕರ ಸುಮ್ಮನಿದ್ದರು ಎಂದರು. ಕೇಳಲು ಚೆನ್ನಾಗಿದೆ. ಆದರೆ ನಾನು ಒಪ್ಪುವುದಿಲ್ಲ. ಗೊತ್ತಿದ್ದಿದ್ದರೆ ಅವರು ಅಕ್ಕನಿಗೆ ಬೇಡ ಅನ್ನುತ್ತಿರಲಿಲ್ಲ. ಆ ಫೋನನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಅಕ್ಕ ವಿಮಾನದಲ್ಲಿ ಬಂದರು. ಅವರು ಐಸಿಯು ಬಾಗಿಲಿಗೆ ಬಂದಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ಮೇಡಂ ಅವರದೇ ಮೂಗು, ಅವರದೇ ಗಿಡ್ಡ ಮೈಕಟ್ಟು. ಒಳಗೆ ಹೋಗಿ ತಂಗಿಯ ಹಣೆಯ ಮೇಲಿನ ಕೂದಲು ಸರಿ ಮಾಡಿದರು. ನಳಿಕೆ ಕಟ್ಟಿದ್ದ ಗುರುತು ಕೆನ್ನೆಯ ಮೇಲಿತ್ತು, ಅದನ್ನು ಸೆರಗಿನಿಂದ ಒರೆಸಿದರು. ಅಳಲಿಲ್ಲ. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಎದುರಿಗೆ ನಿಂತಿದ್ದ ಮಗನನ್ನೂ ನನ್ನನ್ನೂ ನೋಡಿದರು. ಕಾಗದಗಳಲ್ಲಿದ್ದ ಕಾಯಿಲೆಯ ಹೆಸರನ್ನು ಅಷ್ಟರಲ್ಲಿ ಯಾರೋ ಓದಿ ಹೇಳಿದ್ದರು.

"ಯಾವಾಗ ಗೊತ್ತಾಯ್ತು ನಿಮಗೆ?"

ಮೊನ್ನೆ ಮೊನ್ನೆ ಎಂದು ನಾನು ಹೇಳಬಹುದಿತ್ತು. ಮಗನೂ ಹೂಂ ಎನ್ನುತ್ತಿದ್ದ.

"ಇವತ್ತಿಗೆ ಹತ್ತೊಂಬತ್ತು ದಿನ ಆಯ್ತು ಅಮ್ಮ" ಎಂದೆ.

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಬರಬೇಡ, ಯುಗಾದಿಗೆ ಬಾ ಅಂದಳಲ್ಲ, ಅದಕ್ಕೆ ಮುಂಚೇನೇ."

"ಹೌದು. ನೀವು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ."

ಬೈಯಲಿ ಎಂದು ಕಾದೆ. ಕೆನ್ನೆಗೆ ಹೊಡೆದಿದ್ದರೂ ಸುಮ್ಮನೆ ನಿಂತಿರುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡಿದರು.

"ರೈಲಲ್ಲಿ ಹೊರಟಿದ್ರೂ ಮೂರನೇ ದಿನಕ್ಕೆ ಬಂದು ತಲುಪ್ತಿದ್ನಲ್ಲಮ್ಮ" ಎಂದರು.